ಗ್ರಾನಿಸಾಲ್ ಘಟ್ಟದ ಹಲಗೆಯವನು

"ನಿನ್ನ ಕೈ ಸೇದಿಹೋಗ!"

ಹಾಗೆಂದವಳೇ ನುಬಿಯಾ ತನ್ನ ಸೈಕಲ್ಲಿನ ಬಾಟಲಿಯ ಮುಚ್ಚಳ ಕಿತ್ತು, ಒಳಗಿದ್ದ ನೀರನ್ನೆಲ್ಲ ಯೆಸಿದ್‌ನ ಹಲಗೆಯ ಮೇಲೆ ಸುರಿದುಬಿಟ್ಟಳು!

ಚರ್ಚಿನ ಮುಂದಿನ ಚೌಕದಲ್ಲಿ ಜನವೋ ಜನ. ಉಣ್ಣೆಯ ರುವಾನಾ ಹೊದ್ದ ಮುದುಕರು, ಬೆಲ್ಲದ ನೀರು ಕಾಯಿಸುತ್ತಿದ್ದ ಹೆಂಗಸರು, ಸೈಕಲ್ ಹಿಡಿದು ನಿಂತಿದ್ದ ರೇಸಿನ ಹುಡುಗಿಯರು... ಎಲ್ಲರೂ ಮಾತು ನಿಲ್ಲಿಸಿ ಇತ್ತ ತಿರುಗಿದರು.

ಯೆಸಿದ್ ಆಗಷ್ಟೇ ಸೀಮೆಸುಣ್ಣದಲ್ಲಿ ನೀಟಾಗಿ ಬರೆದಿದ್ದ ಅಕ್ಷರಗಳು ಕರಗಿ ಅವನ ಪ್ಯಾಂಟಿನ ಮೇಲೆ ಬಿಳಿ ನೀರು ಇಳಿಯಿತು. ಅವನು ಕೋಪ ಮಾಡಿಕೊಳ್ಳಲಿಲ್ಲ. ಅದೇ ಅವಳನ್ನು ಇನ್ನಷ್ಟು ಉರಿಸಿತು.

"ಮೇಡಂ, ಇದು ರೇಸಿನವರ ಹಲಗೆ. ನಂದಲ್ಲ," ಎಂದ.

"ಓಹೋ! ಹಲಗೆ ರೇಸಿನವರದ್ದು. ಹೋದ ವರ್ಷ ಮೋಸ ಮಾಡಿದ ಕೈ ಯಾರದ್ದು? ಅದೂ ರೇಸಿನವರದ್ದಾ?"

"ನಾನು ಸುಳ್ಳು ಬರೆದಿರಲಿಲ್ಲ."

"ಮತ್ತೇನು ಮಾಡ್ದೆ? ಹೇಳು! ಇಷ್ಟು ಜನ ಕೇಳ್ತಿದ್ದಾರೆ, ಎಲ್ಲರ ಮುಂದೆ ಹೇಳು!"

ಯೆಸಿದ್ ತೋಳಿನಿಂದ ಹಲಗೆ ಒರೆಸತೊಡಗಿದ. ಯೆಸಿದ್‌ನನ್ನು ಹಿಂದೆ ಕೂರಿಸಿಕೊಂಡು ಬೈಕು ಓಡಿಸುವ ಮುದುಕ ಚೆಪೆ ಮಾತ್ರ ಸುಮ್ಮನಿರಲಾರದೆ ಹೇಳಿದ, "ತಾಯೀ, ನೀರು ಸ್ವಲ್ಪ ಉಳಿಸ್ಕೊಳ್ಳಿ. ಘಟ್ಟದ ಮೇಲೆ ಗಂಟಲು ಒಣಗುತ್ತೆ."

ಜನ ಗೊಳ್ಳೆಂದರು. ನುಬಿಯಾ ಕೆಂಪಾಗಿ ಅಲ್ಲಿಂದ ಹೊರಟುಹೋದಳು.

ಅಲ್ಲ, ನೀವೇ ಹೇಳಿ, ಅವಳಿಗೆ ಕೋಪ ಬಾರದೆ ಇನ್ಯಾರಿಗೆ ಬರಬೇಕು?

ನಮ್ಮ ಬೊಯಾಕಾ ಸೀಮೆಯ ಈ ಸೈಕಲ್ ರೇಸಿನಲ್ಲಿ ಕಿವಿಗೆ ರೇಡಿಯೊ ಸಿಕ್ಕಿಸಿಕೊಳ್ಳಲು ಬಿಡುವುದಿಲ್ಲ. ಮುಂದೆ ಯಾರಿದ್ದಾರೆ, ಹಿಂದಿನವರು ಎಷ್ಟು ದೂರ ಎಂಬುದನ್ನು ಹಲಗೆಯವನು ಸೀಮೆಸುಣ್ಣದಲ್ಲಿ ಬರೆದು, ಬೈಕಿನ ಹಿಂದೆ ಕೂತು ತೋರಿಸುತ್ತಾನೆ. ಘಟ್ಟ ಹತ್ತುವವಳಿಗೆ ಕಣ್ಣು ಕಿವಿ ಎರಡೂ ಅದೇ.

ಹೋದ ವರ್ಷ ಇದೇ ಗ್ರಾನಿಸಾಲ್ ಘಟ್ಟ. ಆಲಿಕಲ್ಲು ಮಳೆ! ಬೆಳಿಗ್ಗೆಯೇ ಮುಂದೆ ಓಡಿಹೋಗಿದ್ದವರನ್ನೆಲ್ಲ ಹಿಡಿದಾಯಿತು ಅಂದುಕೊಂಡು ನುಬಿಯಾ ಗುಂಪನ್ನು ಬಿಟ್ಟು ಒಬ್ಬಳೇ ಹತ್ತಿದ್ದಳು. ಕೊನೆಯ ಏರಿನಲ್ಲಿ ಯೆಸಿದ್‌ನ ಬೈಕು ಪಕ್ಕಕ್ಕೆ ಬಂದಿತ್ತು. ಅವಳು ಕಣ್ಣಲ್ಲೇ ಕೇಳಿದ್ದಳು, ಮುಂದೆ ಯಾರಾದ್ರೂ ಇದ್ದಾರಾ? ಅವನು ನಕ್ಕಿದ್ದ!

ಅಷ್ಟು ಸಾಕಿತ್ತು ಅವಳಿಗೆ. ಗುರಿಯ ಗೆರೆಯ ಹತ್ತಿರ ಎರಡೂ ಕೈ ಎತ್ತಿದಳು, ಎದೆಗೆ ಶಿಲುಬೆಯ ಗುರುತು ಹಾಕಿಕೊಂಡಳು, ಅಳುತ್ತಾ ಆಕಾಶಕ್ಕೆ ಮುತ್ತು ಎಸೆದಳು. ಆಮೇಲೆ ನೋಡಿದರೆ ಸುಲೈ ಎಂಬುವವಳು ಆಗಲೇ ಬಂದು, ರುವಾನಾ ಹೊದ್ದು, ಬಿಸಿ ಬೆಲ್ಲದ ನೀರಿಗೆ ಚೀಸು ಅದ್ದಿಕೊಂಡು ತಿನ್ನುತ್ತಾ ಕೂತಿದ್ದಾಳೆ! ಬೆಳಿಗ್ಗೆ ಓಡಿದವರಲ್ಲಿ ಗುಂಪು ಹಿಡಿಯದೆ ಬಿಟ್ಟ ಒಬ್ಬಳು. ಮೇಲಾಗಿ ಯೆಸಿದ್‌ನ ಚಿಕ್ಕಮ್ಮನ ಮಗಳು!

ಗೆಲ್ಲದೆಯೇ ಕೈ ಎತ್ತಿದ ನುಬಿಯಾಳ ಫೋಟೋ ತಲುಪದ ಫೋನಿಲ್ಲ. ಗೋಲಾಗುವ ಮೊದಲೇ ಕುಣಿದವನಿಗೆ, ಮದುವೆ ಗೊತ್ತಾಗುವ ಮೊದಲೇ ಬಟ್ಟೆ ಹೊಲಿಸಿದವಳಿಗೆ, ಸಂತೆಯಲ್ಲಿ, ಬಸ್ಸಿನಲ್ಲಿ, ಎಲ್ಲೆಲ್ಲೂ ಒಂದೇ ಮಾತು: "ನುಬಿಯಾ ಆಗ್ಬೇಡ್ವೋ!"

ಅದನ್ನೂ ಸಹಿಸಿಕೊಳ್ಳುತ್ತಿದ್ದಳೇನೋ. ಆದರೆ ಆ ರೇಸಿನ ಉದ್ದಕ್ಕೂ ದಿನಾ ಸಂಜೆ ಬಾಳೆಲೆಯಲ್ಲಿ ಸುತ್ತಿದ ಸೀಬೆಹಣ್ಣಿನ ಮಿಠಾಯಿ ತಂದು ಕೊಡುತ್ತಿದ್ದವನು ಅವನೇ. ಅವನ ಬೈಕಿನ ಸದ್ದು ಕೇಳಿದರೆ ಅವಳ ಎದೆ ಹಗುರಾಗುತ್ತಿತ್ತು. ಬೇರೆ ಯಾರಾದರೂ ಮೋಸ ಮಾಡಿದ್ದರೆ ಬೈದು ಮರೆಯುತ್ತಿದ್ದಳು. ಇಷ್ಟಪಟ್ಟವನು ಮಾಡಿದ್ದನ್ನು ಮರೆಯಲು ಅವಳಿಂದ ಆಗಲಿಲ್ಲ.

'ಇವತ್ತು ಗೆಲ್ಲಬೇಕು. ಹೋದ ಮರ್ಯಾದೆ ಇದೇ ಘಟ್ಟದ ಮೇಲೆ ವಾಪಸ್ ಬರಬೇಕು. ಅವನ ಹಲಗೆಯ ಕಡೆಗೆ ಕಣ್ಣೆತ್ತಿಯೂ ನೋಡಲ್ಲ!'

*

ಘಟ್ಟದ ಬುಡದಲ್ಲೇ ನುಬಿಯಾ ಗುಂಪನ್ನು ಬಿಟ್ಟು ನುಗ್ಗಿದಳು. ಈ ಸಲ ಅನುಮಾನಕ್ಕೆ ಎಡೆಯಿರಲಿಲ್ಲ, ಎಲ್ಲರ ಕಣ್ಣೆದುರೇ ಮೊದಲಿಗೆ ಹೊರಟವಳು ಅವಳು. ಯಾರೂ ಬೆನ್ನು ಹತ್ತಲಿಲ್ಲ. ಆಲೂಗಡ್ಡೆ ಹೊಲಗಳು ಮುಗಿದವು, ಚಳಿ ಶುರುವಾಯಿತು, ಮಂಜು ರಸ್ತೆಗೆ ಇಳಿಯಿತು.

ತಂಡದ ಕಾರು ಪಕ್ಕಕ್ಕೆ ಬಂತು. ತಂಡದ ಯಜಮಾನ ದೋನ್ ಎಫ್ರಾಯಿನ್ ಕಿಟಕಿಯಿಂದ ಅರ್ಧ ದೇಹ ಹೊರಹಾಕಿ ಕೂಗಿದ, "ಶಹಬ್ಬಾಸ್ ಮಗಳೇ! ಹಿಂದೆ ಒಂದು ನರಪಿಳ್ಳೆಯೂ ಇಲ್ಲ! ಆರಾಮಾಗಿ ತುಳಿ, ನಾಳೆಗೂ ಕಾಲು ಬೇಕು!"

"ಸುಲೈ?"

"ಸತ್ತು ಸುಣ್ಣವಾಗಿದ್ದಾಳೆ ಬಿಡು!"

ಅಷ್ಟರಲ್ಲಿ ಹಿಂದೆ ತಂಡದ ಇನ್ನೊಬ್ಬಳ ಟಯರ್ ಪಂಕ್ಚರ್ ಆಯಿತೆಂದು ಕಾರು ಅಲ್ಲೇ ನಿಂತಿತು. ನುಬಿಯಾ ಯಜಮಾನನ ಮಾತು ಕೇಳಿ ಉಸಿರು ಹಗುರ ಮಾಡಿಕೊಂಡಳು, ಹಗುರಾದ ಗೇರಿಗೆ ಬಂದಳು.

ಆಗ ಬಂತು ಆ ಬೈಕು.

ಯೆಸಿದ್ ಹಲಗೆ ಎತ್ತಿ ಹಿಡಿದ. ನುಬಿಯಾ ಬಲಕ್ಕೆ ಮುಖ ತಿರುಗಿಸಿ ಬೇಲಿಯ ಹಸುವನ್ನು ನೋಡಿದಳು. ಚೆಪೆ ಬೈಕನ್ನು ಬಲಕ್ಕೆ ತಂದ. ಅವಳು ಎಡಕ್ಕೆ ತಿರುಗಿದಳು. ಹಾರ್ನ್ ಹೊಡೆದ. ಅವಳು ತಲೆ ತಗ್ಗಿಸಿ ಮುಂದಿನ ಚಕ್ರ ನೋಡಿದಳು.

"ತಾಯೀ, ಒಂದ್ಸಲ ನೋಡಿ! ಆಮೇಲೆ ಬೇಕಾದ್ರೆ ಉಗೀರಿ!" ಎಂದ ಚೆಪೆ.

ಅವಳು ಮೊದಲೇ ಉಗಿದಳು. ಅದು ಚೆಪೆಯ ಬೂಟಿಗೆ ಬಿತ್ತು, ಪಾಪ.

ಹಲಗೆಯವನು ಯಾರೊಂದಿಗೂ ಮಾತಾಡುವಂತಿಲ್ಲ. ಬರೆಯಬೇಕು, ತೋರಿಸಬೇಕು, ಅಷ್ಟೇ. ಒಬ್ಬಳಿಗೆ ಒಂದು ಮಾತು ಹೇಳಿದರೂ ಅದು ಸಹಾಯ ಮಾಡಿದ ಹಾಗೆ. ಹಿಂದೆಯೇ ಬರುತ್ತಿದ್ದ ಕೆಂಪು ಕಾರಿನಲ್ಲಿ ರೇಸಿನ ಮೇಲ್ವಿಚಾರಕಿ ಕೂತಿದ್ದಳು. ಯೆಸಿದ್ ಒಮ್ಮೆ ಆ ಕಾರನ್ನು ನೋಡಿದ. ಒಮ್ಮೆ ನುಬಿಯಾಳ ತಗ್ಗಿದ ತಲೆಯನ್ನು ನೋಡಿದ.

"ನುಬಿಯಾ! ಸುಲೈ ಗುಂಪು ಬಿಟ್ಟು ಬರ್ತಿದ್ದಾಳೆ! ಅರ್ಧ ನಿಮಿಷವೂ ಇಲ್ಲ!"

ಅವಳು ಬೆಚ್ಚಿದಳು. ಆದರೆ ತಲೆ ಎತ್ತಲಿಲ್ಲ. "ಸುಳ್ಳ! ನಾನು ಈಗ್ಲೇ ಸುಸ್ತಾಗಿ ಬೀಳ್ಲಿ ಅಂತ ತಾನೇ? ನಿನ್ನ ತಂಗಿಗೋಸ್ಕರ!"

"ನನ್ನ ತಂಗಿ ಗೆಲ್ಬೇಕಿದ್ರೆ ನಾನು ಸುಮ್ನಿದ್ರೆ ಸಾಕಿತ್ತಲ್ಲೇ! ನೀನು ಹಸು ನೋಡ್ಕೊಂಡು ಹೋಗ್ತಿದ್ದೆ!" ಸಿಟ್ಟಿನಲ್ಲಿ ಅವನ ಬಾಯಿಂದ 'ನೀವು' ಹಾರಿಹೋಗಿತ್ತು.

"ಹೋದ ವರ್ಷವೂ ಸುಮ್ನಿದ್ದೆ! ನಕ್ಕೆ! ನನ್ನ ಮುಖ ನೋಡಿ ನಕ್ಕೆ!"

"ಹೌದು, ನಕ್ಕೆ!" ಯೆಸಿದ್ ಕೂಗಿದ. "ಹಲಗೆ ಮೇಲೆ ಸುಲೈ ಹೆಸರು ಬರೆದೇ ಬಂದಿದ್ದೆ. ತೋರಿಸೋಕೇ ಬಂದಿದ್ದೆ! ಅವಳು ಆಗ್ಲೇ ಗೆರೆ ದಾಟಿಯಾಗಿತ್ತು. ನೀನು ಏನು ಮಾಡಿದ್ರೂ ಸಿಗ್ತಿರಲಿಲ್ಲ. ನೀನು ಅಳ್ತಾ ಇದ್ದೆ, ನಗ್ತಾ ಇದ್ದೆ... ಅಂಥ ಮುಖ ನಾನು ಎಲ್ಲೂ ನೋಡಿರಲಿಲ್ಲ. ನನ್ನ ಕೈಲಿ ಆಗ್ಲಿಲ್ಲ ನುಬಿಯಾ. ಹಲಗೆ ತಿರುಗಿಸಿಬಿಟ್ಟೆ. ನೀನು ಕೈ ಎತ್ತುತ್ತೀಯ ಅಂತ ಹೊಳೀಲೇ ಇಲ್ಲ!"

ನುಬಿಯಾ ತಲೆ ಎತ್ತಿದಳು. ಅವಳ ಕಣ್ಣಲ್ಲಿ ಬೆಂಕಿ!

"ಅಯ್ಯೋ ಪಾಪ ಅಂದ್ಯಾ? ನನ್ನ ನೋಡಿ ಪಾಪ ಅಂದ್ಯಾ? ನಿನ್ನ ಕನಿಕರ ಯಾರಿಗೆ ಬೇಕಿತ್ತೋ? ನನಗೆ ನಿಜ ಬೇಕಿತ್ತು! ಇಡೀ ದೇಶ ನನ್ನ ನೋಡಿ ಹಲ್ಲು ಕಿಸೀತು, ನಿನ್ನ ಕನಿಕರದಿಂದ!"

"ತಪ್ಪು! ನಂದೇ ತಪ್ಪು! ಬೈಕೋ! ಆದ್ರೆ ಈ ಸಲ ತಿರುಗಿಸಲ್ಲ. ನಿನ್ನ ಮುಖ ಹೇಗೇ ಆಗ್ಲಿ, ತಿರುಗಿಸಲ್ಲ. ನೋಡೇ!"

ಹಿಂದಿನ ಕಾರಿನ ಹಾರ್ನ್ ಒಂದೇ ಸಮನೆ ಬಡಿದುಕೊಂಡಿತು. ಮೇಲ್ವಿಚಾರಕಿ ಕೈ ಹೊರಹಾಕಿ ಬೈಕನ್ನು ತೊಲಗಿ ಎಂದು ಸನ್ನೆ ಮಾಡುತ್ತಿದ್ದಳು. ಯೆಸಿದ್ ಅತ್ತ ನೋಡಲೂ ಇಲ್ಲ.

'ನಂಬಲಾ? ಇವನನ್ನಾ? ಯಜಮಾನರು ಯಾರೂ ಇಲ್ಲ ಅಂದರು... ಈಗ ಜೋರು ಮಾಡಿ, ಇವನು ಹೇಳಿದ್ದು ಸುಳ್ಳಾದರೆ, ತುದಿಗೆ ಮೊದಲೇ ಕಾಲು ಕೈಕೊಟ್ಟರೆ... ಮತ್ತೆ ನಗೆಪಾಟಲು.'

ನುಬಿಯಾ ಹಲಗೆ ನೋಡಿದಳು. ಒದ್ದೆ ಹಲಗೆಯ ಮೇಲೆ ಒಂದು ಹೆಸರು, ಒಂದು ಅಂಕೆ. ಅದನ್ನು ಹಿಡಿದ ಕೈ ಇಳಿಯಲಿಲ್ಲ. ಅವನ ಕಣ್ಣು ಅವಳ ಕಣ್ಣನ್ನು ತಪ್ಪಿಸಲಿಲ್ಲ.

ಅವಳು ಗೇರ್ ಬದಲಿಸಿದಳು. ಸೀಟಿನಿಂದ ಎದ್ದು ನಿಂತಳು.

"ತೊಲಗು ನನ್ನ ದಾರಿಯಿಂದ!"

ತಿರುವಿನಲ್ಲಿ ಒಮ್ಮೆ ಕೆಳಗೆ ನೋಡಿದಳು. ಮಂಜಿನ ಸಂದಿಯಲ್ಲಿ ಸುಲೈಯ ಹಳದಿ ಅಂಗಿ... ಅಯ್ಯೋ ದೇವರೇ, ಎಷ್ಟು ಹತ್ತಿರ! ಅವನು ಹೇಳದೇ ಇದ್ದಿದ್ದರೆ ಮುಂದಿನ ತಿರುವಿನಲ್ಲೇ ಸುಲೈ ದಾಟಿ ಹೋಗುತ್ತಿದ್ದಳು!

ಕೋಪವೋ, ದುಃಖವೋ, ಇನ್ನೇನೋ, ಎಲ್ಲ ಸೇರಿ ನುಬಿಯಾಳ ತೊಡೆಗೆ ಇಳಿಯಿತು. ಅವನನ್ನು ಬೈಯುತ್ತಾ ತುಳಿದಳು. ಪೆಡಲಿನ ಒಂದೊಂದು ಸುತ್ತಿಗೂ ಒಂದು ಬೈಗುಳ. ಬೈಗುಳ ಖಾಲಿಯಾದ ಮೇಲೆ ಅಳುತ್ತಾ ತುಳಿದಳು. ಬೈಕಿನ ಸದ್ದು ದೂರವಾಗಿ ನಿಂತೇಹೋಯಿತು. ಅವರನ್ನು ರೇಸಿನಿಂದ ಹೊರಹಾಕಿ, ಮುಂದೆ ಹೋಗಿರಿ ಎಂದು ತುದಿಗೆ ಅಟ್ಟಿದ್ದರು. ಇನ್ನು ಅವಳಿಗೆ ಹೇಳುವವರು ಯಾರೂ ಇರಲಿಲ್ಲ. ಸುತ್ತ ಬರೀ ಬಿಳಿ ಮಂಜು, ಹಿಂದಿನಿಂದ ಇನ್ನೊಬ್ಬಳ ಏದುಸಿರು ಕೇಳಿದಂಥ ಭ್ರಮೆ.

ಕೊನೆಗೆ ಜನರ ಕೂಗು, ಡಬ್ಬ ಬಡಿಯುವ ಸದ್ದು. ರಸ್ತೆಯ ಮೇಲೆ ಬಿಳಿ ಗೆರೆ.

ನುಬಿಯಾ ಗೆರೆ ದಾಟಿದಳು. ಎರಡೂ ಕೈ ಹ್ಯಾಂಡಲ್ ಮೇಲೇ ಇದ್ದವು.

"ಕೈ ಎತ್ತೇ ಹುಡುಗೀ! ಗೆದ್ದೆ ಕಣೇ!" ಎಂದು ಜನ ಕಿರುಚಿದರು. ಹೋದ ವರ್ಷವೂ ಹೀಗೇ ಕಿರುಚಿದ್ದರು. ಅವಳ ಬೆನ್ನಿಗೇ ಸುಲೈ ಗೆರೆ ದಾಟಿ ರಸ್ತೆಯ ಮೇಲೇ ಕುಸಿದು ಕೂತಳು. ಯಾರೋ ನುಬಿಯಾಳ ಹೆಗಲಿಗೆ ಟವೆಲ್ ಹಾಕಿದರು, ಯಾರೋ ಕೆನ್ನೆಗೆ ಮುತ್ತು ಕೊಟ್ಟರು. ಅವಳು ಯಾರನ್ನೂ ನಂಬಲಿಲ್ಲ. ಸೈಕಲ್ ತಳ್ಳಿಕೊಂಡು, ಎಲ್ಲರನ್ನೂ ಸರಿಸಿಕೊಂಡು, ಮಂಜಿನಲ್ಲಿ ಹುಡುಕುತ್ತಾ ಹೋದಳು.

ಲಾರಿಗಳ ಹಿಂದೆ ಯೆಸಿದ್ ಒಬ್ಬನೇ ನಿಂತಿದ್ದ. ಮೈಮೇಲೆ ಅವನದೇ ಅಂಗಿಯಷ್ಟೇ ಇತ್ತು, ರೇಸಿನವರ ಮೇಲಂಗಿ ಕಿತ್ತುಕೊಂಡಿದ್ದರು. ಹಲಗೆಯನ್ನೂ ಕಿತ್ತುಕೊಂಡಿದ್ದರು.

ನುಬಿಯಾ ಅವನ ಎದುರು ನಿಂತಳು.

"ಮುಂದೆ ಯಾರಾದ್ರೂ ಇದ್ರಾ?"

"ಯಾರೂ ಇರಲಿಲ್ಲ," ಎಂದ ಯೆಸಿದ್. "ನೀವೇ ಮೊದಲು."

ಸೈಕಲ್ ಕೈಜಾರಿ ಬಿತ್ತು. ಅವಳು ಮುಷ್ಟಿ ಬಿಗಿದು ಅವನ ಎದೆಗೆ ಗುದ್ದಿದಳು. ಇನ್ನೊಂದು ಗುದ್ದಿದಳು. ಮೂರನೆಯದಕ್ಕೆ ಶಕ್ತಿ ಇರಲಿಲ್ಲ, ಹಣೆಯನ್ನು ಅಲ್ಲೇ ಒರಗಿಸಿ ಗೊಳೋ ಎಂದು ಅತ್ತುಬಿಟ್ಟಳು.

"ಒಂದು ವರ್ಷ... ಒಂದು ವರ್ಷ ಯಾಕೋ ಬಾಯಿ ಬಿಡಲಿಲ್ಲ?"

"ಮನೆಗೆ ಬಂದಿದ್ದೆ. ನಿಮ್ಮಮ್ಮ ಆಲೂಗಡ್ಡೆ ತಗೊಂಡು ಹೊಡೆದ್ರು."

"ಅಮ್ಮ ನನಗೆ ಹೇಳ್ಲೇ ಇಲ್ಲ!"

"ಚೆನ್ನಾಗಿ ಗುರಿ ಇಡ್ತಾರೆ."

ಅಳುವಿನ ಮಧ್ಯೆ ಅವಳಿಗೆ ನಗು ಬಂತು. ಅದಕ್ಕೂ ಸಿಟ್ಟು ಬಂತು. "ನಗಿಸ್ಬೇಡ! ನಿನ್ನ ಇನ್ನೂ ಕ್ಷಮಿಸಿಲ್ಲ."

"ಕ್ಷಮಿಸಬೇಡಿ. ನಿಮ್ಮನ್ನ ಪ್ರೀತಿಸಿದೆ, ಅದಕ್ಕೇ ಆ ತಪ್ಪು ಮಾಡಿದೆ. ಪ್ರೀತಿ ಅಂದ್ರೆ ನೋವಾಗದ ಹಾಗೆ ನೋಡ್ಕೊಳ್ಳೋದು ಅಂದ್ಕೊಂಡಿದ್ದೆ. ದಡ್ಡ ನಾನು."

ಅವನ ಎದೆ ಅವಳ ಹಣೆಯ ಕೆಳಗೆ ಜೋರಾಗಿ ಬಡಿದುಕೊಳ್ಳುತ್ತಿತ್ತು.

"ಕೇಳಿಲ್ಲಿ," ಎಂದಳು ನುಬಿಯಾ. "ನನ್ನ ಜೊತೆ ಇರೋದಾದ್ರೆ ಕೆಟ್ಟ ಸುದ್ದಿ ಮೊದಲು ಹೇಳ್ಬೇಕು. ನನ್ನ ಮುಖ ನೋಡಿ ಮನಸ್ಸು ಬದಲಾಯಿಸ್ಕೋಬಾರ್ದು. ಆಗುತ್ತಾ?"

"ಆಗುತ್ತೆ. ಈಗ್ಲೇ ಎರಡಿದೆ."

"ಹೇಳು."

"ನನ್ನ ಕೆಲಸ ಹೋಯ್ತು."

ಅವಳ ಕೈ ಅವನ ಅಂಗಿಯನ್ನು ಬಿಗಿಯಾಗಿ ಹಿಡಿಯಿತು. "ನನ್ನಿಂದ... ಇನ್ನೊಂದು?"

"ಮೂಗಿಂದ ಸಿಂಬಳ ಸುರೀತಿದೆ. ಟೀವಿಯವರು ಈ ಕಡೆಗೇ ಬರ್ತಿದ್ದಾರೆ."

ನುಬಿಯಾ ಅವನ ತೋಳಿಗೇ ಮೂಗು ಒರೆಸಿದಳು, ಚೆನ್ನಾಗಿ, ಎರಡೂ ಕಡೆ. ಆಮೇಲೆ ಕೆಸರು, ಉಪ್ಪು, ಕಣ್ಣೀರು ಮೆತ್ತಿದ ಮುಖವನ್ನು ಎತ್ತಿ ಅವನನ್ನೇ ದಿಟ್ಟಿಸಿದಳು.

"ಈಗ? ಚೆನ್ನಾಗಿ ಕಾಣ್ತಿದ್ದೀನಾ?"

ಯೆಸಿದ್ ಗಮನವಿಟ್ಟು ನೋಡಿದ.

"ಇಲ್ಲ," ಎಂದ. "ಆದ್ರೆ ನನಗೆ ನೀವೇ ಬೇಕು."

ನುಬಿಯಾ ಎರಡನ್ನೂ ನಂಬಿದಳು.