ಪಾಳಿ ಬದಲಾಗುವ ಹೊತ್ತು

ಸೋಮವಾರ ಬೆಳಿಗ್ಗೆ ಹನ್ನೊಂದೂವರೆಗೆ ದೂರು ಠಾಣೆ ಮುಟ್ಟಿತು. ತಂದವರು ದೊಡ್ಡಾಸ್ಪತ್ರೆಯ ನಿರ್ದೇಶಕರು; ಕೋಪ ಮೂಗಿನ ತುದಿಯಲ್ಲೇ ಇತ್ತು. ಹಣ ಹೂಡಲು ಬಂದವರನ್ನು ಕೂರಿಸಿಕೊಂಡು ಪರದೆ ತೆರೆದರೆ, ಐದನೇ ಮಹಡಿಯ ಆಡಳಿತ ಕಚೇರಿಯ ಹನ್ನೊಂದು ಕಂಪ್ಯೂಟರುಗಳಲ್ಲೂ ಒಂದೇ ಸಾಲು: ‘ಡೆಸ್ಕ್‌ಟಾಪ್ ಲಭ್ಯವಿಲ್ಲ. ದಯವಿಟ್ಟು ಕಾಯಿರಿ.’ ಯಾರೋ ಹೊರದೇಶದ ಸೈಬರ್ ಕಳ್ಳರು ನುಗ್ಗಿದ್ದಾರೆಂದು ಅವರ ವಾದ.

ಇನ್ಸ್‌ಪೆಕ್ಟರ್ ಎಫ್‌ಐಆರ್ ದಾಖಲಿಸಿ ಹೊರಟರು. ದೊಡ್ಡವರು ಕಾಯುವಂತಾದರೆ ಮಾತ್ರ ಅದು ಅಪರಾಧ ಎಂದು ಜೊತೆಗಿದ್ದ ಹೆಡ್ ಕಾನ್‌ಸ್ಟೆಬಲ್ ಜೀಪಿನಲ್ಲಿ ಕುಟುಕಿದಳು.

ಐದನೇ ಮಹಡಿಯಲ್ಲಿ ಪಂಚನಾಮೆ ನಡೆಯಿತು. ಹನ್ನೊಂದು ಕೀಲಿಮಣೆಗಳ ಮೇಲೂ ಬೆರಳಲ್ಲಿ ಗೆರೆ ಎಳೆಯುವಷ್ಟು ಧೂಳು. ಹಿಂದಿನ ಸಲ ತೆರೆದದ್ದು ಯಾವಾಗ ಎಂದು ಕೇಳಿದರೆ ಒಬ್ಬರು ಇನ್ನೊಬ್ಬರತ್ತ ಕೈ ತೋರಿದರು.

ನೆಲಮಾಳಿಗೆಯ ಕೋಣೆಯಲ್ಲಿ ಆಸ್ಪತ್ರೆಯ ಸಿಸ್ಟಂ ಎಂಜಿನಿಯರ್ ಇದ್ದ. ನಲವತ್ತರ ಆಸುಪಾಸು, ಮೆದು ಮಾತು. ಮೇಜಿನ ಮೇಲಿನ ಡಬ್ಬಗಳಲ್ಲಿ ಏನೂ ಇಲ್ಲ, ಡೆಸ್ಕ್‌ಟಾಪೂ ಅದರೊಳಗಿನ ತಂತ್ರಾಂಶಗಳೂ ದೂರದ ಕ್ಲೌಡ್ ಕಂಪನಿಯಿಂದ ಇಂಟರ್ನೆಟ್ ಮೂಲಕ ಬಾಡಿಗೆಗೆ ಬರುತ್ತವೆ ಎಂದು ವಿವರಿಸಿದ. ಇರುವುದು ಲೆಕ್ಕದಷ್ಟೇ; ಒಬ್ಬರು ಮುಚ್ಚಿದರೆ ಇನ್ನೊಬ್ಬರಿಗೆ ಸಿಗುತ್ತದೆ.

“ಬಾಡಿಗೆ ಸೈಕಲ್ ಅಂಗಡಿ ತರ ಅನ್ನಿ,” ಎಂದರು ಇನ್ಸ್‌ಪೆಕ್ಟರ್.

“ಹೌದು ಸರ್. ಐದನೇ ಮಹಡಿಗೆ ಮಾತ್ರ ಹನ್ನೊಂದು ಸೈಕಲ್ ಬೀಗ ಹಾಕಿ ಇಟ್ಟಿದ್ವಿ. ಹತ್ತಲಿ, ಬಿಡಲಿ.”

ಮಧ್ಯಾಹ್ನ ಎರಡಕ್ಕೆ ಪಾಳಿ ಬದಲಾಗುತ್ತಿದ್ದಾಗ ಹೆಡ್ ಕಾನ್‌ಸ್ಟೆಬಲ್ ತುರ್ತು ವಿಭಾಗದ ನೋಂದಣಿ ಕೌಂಟರಿನಲ್ಲಿ ವಿಚಾರಿಸಿದಳು. ಮೊದಲು ಈ ಹೊತ್ತು ಬಂದರೆ ಪ್ರಾಣಸಂಕಟ ಎಂದಳು ಗುಮಾಸ್ತೆ. ಪಾಳಿ ಮುಗಿಸಿ ಹೋಗುವವರು ಡೆಸ್ಕ್‌ಟಾಪ್ ಮುಚ್ಚಿರುತ್ತಿರಲಿಲ್ಲ, ಹೊಸ ಪಾಳಿಗೆ ಬಂದವರಿಗೆ ಸಿಗುತ್ತಿರಲಿಲ್ಲ. ಪರದೆ ಬಾರದೆ ರೋಗಿಗೆ ನಂಬರಿಲ್ಲ, ನಂಬರಿಲ್ಲದೆ ಔಷಧಿಯಿಲ್ಲ. ಮೂರು ವಾರದಿಂದ ಆ ಕಾಟ ತಪ್ಪಿದೆ, ಪುಣ್ಯಾತ್ಮರು ಯಾರೋ ಸರಿ ಮಾಡಿದ್ದಾರೆ.

ಅಲ್ಲಿಗೆ ಇನ್ಸ್‌ಪೆಕ್ಟರಿಗೆ ಅರ್ಧ ಅರ್ಥವಾಯಿತು. ಉಳಿದರ್ಧವನ್ನು ನಾಲ್ಕು ಗಂಟೆಗೆ ಕ್ಲೌಡ್ ಕಂಪನಿ ಕಳಿಸಿತು. ಮೂರು ವಾರದ ಹಿಂದೆ ಹನ್ನೊಂದು ಡೆಸ್ಕ್‌ಟಾಪ್‌ಗಳನ್ನೂ ಐದನೇ ಮಹಡಿಯಿಂದ ತೆಗೆದು ತುರ್ತು ವಿಭಾಗಕ್ಕೆ ಕೊಡಲಾಗಿತ್ತು. ಮಾಡಿದ್ದು ಎಂಜಿನಿಯರ್, ತನ್ನದೇ ಲಾಗಿನ್‌ನಿಂದ. ಅಷ್ಟು ದಿನ ಅವು ಇಲ್ಲವೆಂಬುದು ಮೇಲಿನವರ ಗಮನಕ್ಕೇ ಬಂದಿರಲಿಲ್ಲ.

“ಮುಚ್ಚಿಡೋಕೂ ನೋಡ್ಲಿಲ್ವಲ್ಲ?” ಇನ್ಸ್‌ಪೆಕ್ಟರ್ ನೆಲಮಾಳಿಗೆಗೆ ಮರಳಿ ಎಂಜಿನಿಯರನನ್ನು ಕೇಳಿದರು.

“ಮುಚ್ಚಿಟ್ಟು ಏನಾಗ್ಬೇಕು ಸರ್? ಎಷ್ಟು ಡೆಸ್ಕ್‌ಟಾಪ್ ಸಾಕು ಅಂತ ಲೆಕ್ಕ ಹಾಕಿ ಕೊಟ್ಟೋನೇ ನಾನು. ಎಷ್ಟು ಬಳಕೇಲಿವೆ ಅಂತ ಹನ್ನೆರಡು ಗಂಟೆಗೆ ಎಣಿಸ್ದೆ, ಪಾಳಿ ಬದಲಾಗೋ ಹೊತ್ತಲ್ಲಿ ಎಣಿಸ್ಲಿಲ್ಲ. ಉಳಿತಾಯ ಆಯ್ತು ಅಂತ ಬೆನ್ನು ತಟ್ಟಿದ್ರು.”

“ಆಮೇಲೆ?”

“ನಮ್ಮಕ್ಕನಿಗೆ ಎದೆನೋವು ಬಂದಿದ್ದೂ ಎರಡು ಗಂಟೆಗೆ.” ಎಂಜಿನಿಯರ್ ಕೈಯಲ್ಲಿದ್ದ ಮೌಸನ್ನು ಪಕ್ಕಕ್ಕಿಟ್ಟ. “ನನ್ನ ಸಾಕಿದೋಳು ಅವಳು. ಕೌಂಟರ್ ಮುಂದಿನ ಕುರ್ಚೀಲಿ ಕಾಯ್ತಾ ಕೂತಲ್ಲೇ ಹೋಗ್ಬಿಟ್ಲು. ನಾನು ಇಲ್ಲೇ ಕೆಳಗಿದ್ದೆ. ತಮ್ಮ ಕೆಲಸದಲ್ಲಿದಾನೆ, ಕರೀಬೇಡಿ ಅಂದ್ಲಂತೆ.”

ಅಕ್ಕನ ಕಾರ್ಯ ಮುಗಿಸಿ ಬಂದು, ಮೇಲಿನ ಹನ್ನೊಂದನ್ನಾದರೂ ಕೆಳಗೆ ಕೊಡಿ ಎಂದು ಆತ ನಿರ್ದೇಶಕರ ಮುಂದೆ ಕೈಮುಗಿದಿದ್ದ. ಇದ್ದುದರಲ್ಲೇ ಸಂಭಾಳಿಸು ಎಂದು ಅವರು ಸಾಗಹಾಕಿದ್ದರು. ಸಂಜೆ ಐದಕ್ಕೆ ಎಂಜಿನಿಯರನ ಬಂಧನವಾಯಿತು. ಅನುಮತಿಯಿಲ್ಲದೆ ಗಣಕ ವ್ಯವಸ್ಥೆ ಬದಲಿಸಿದ್ದು ಅಪರಾಧವೇ. ಇನ್ಸ್‌ಪೆಕ್ಟರ್ ಹಲ್ಲು ಕಚ್ಚಿಕೊಂಡು ಸಹಿ ಹಾಕಿದರು. ಪ್ರೇರಣೆ ಎಂಬಲ್ಲಿ ‘ಅಕ್ಕನ ಸಾವು’ ಎಂದು ಬರೆದು ಕಡತ ಮುಚ್ಚಿದರು.

ಮರುದಿನ ನಿರ್ದೇಶಕರ ಹೇಳಿಕೆಗೆ ಸಹಿ ಪಡೆಯಲು ಇನ್ಸ್‌ಪೆಕ್ಟರ್ ಐದನೇ ಮಹಡಿಗೆ ಹೋದಾಗ ಹನ್ನೊಂದು ಪರದೆಗಳೂ ಬೆಳಗುತ್ತಿದ್ದವು. ನಿರ್ದೇಶಕರು ರಾತ್ರಿಯೇ ಅವನ್ನು ವಾಪಸ್ ತರಿಸಿದ್ದರು. ಕುರ್ಚಿಗಳಲ್ಲಿ ಯಾರೂ ಇರಲಿಲ್ಲ.

ಕೆಳಗಿಳಿದು ಬರುವಾಗ ಎರಡು ಗಂಟೆ. ಕೌಂಟರಿನ ಮುಂದೆ ಮುದುಕನೊಬ್ಬ ಮಗಳ ಹೆಗಲಿಗೆ ಒರಗಿ ಏದುಸಿರು ಬಿಡುತ್ತಿದ್ದ. ಗುಮಾಸ್ತೆ ‘ದಯವಿಟ್ಟು ಕಾಯಿರಿ’ ಎನ್ನುತ್ತಿದ್ದ ಪರದೆಯನ್ನೇ ನೋಡುತ್ತಿದ್ದಳು. ಸಮವಸ್ತ್ರ ಕಂಡು ಆಸೆಯಿಂದ ಎದ್ದು ನಿಂತಳು.

“ಸರ್, ನಿಮ್ಮವರು ನಿನ್ನೆ ಬಂದಿದ್ರಲ್ಲ. ಕೆಳಗಿರೋ ಎಂಜಿನಿಯರ್ ಫೋನೇ ತಗೀತಿಲ್ಲ. ಸ್ವಲ್ಪ ಕರೆಸ್ತೀರಾ?”