ಹಿಂದಿನ ಕಿಟಕಿಯ ರೂಟರ್

ದೀಪ ರಿಪೇರಿಗೆ ಬಂದು ನಮ್ಮ ಮನೆಯಿಂದ ಹೊರಬಿದ್ದ ಸಂಗಮೇಶ್ವರ ಬಲಕ್ಕೆ, ತಮ್ಮ ಎಲೆಕ್ಟ್ರಿಕ್ ಅಂಗಡಿಯ ಕಡೆಗೆ ಹೋಗಬೇಕಿತ್ತು. ಎಡಕ್ಕೆ ತಿರುಗಿದರು. ಸ್ವಲ್ಪ ಹೊತ್ತಿಗೆ ಪಕ್ಕದ ಮನೆಯ ಶಿವಲೀಲಾಳ ನಗು ಕೇಳಿಸಿತು.

ಅದು ಮೂರನೇ ಸಲ. ನಾನು ಎಣಿಸಿಟ್ಟಿದ್ದೆ. ಗಂಡ ತೀರಿಕೊಂಡ ಮೇಲೆ ಮೂರು ವರ್ಷ ನನಗೆ ಯಾರ ಮೇಲೂ ಸಿಟ್ಟು ಬಂದಿರಲಿಲ್ಲ. ಆ ನಗುವಿನ ಮೇಲೆ ಬಂತು.

ಸೇಡಂನ ನಮ್ಮ ಮನೆ ಹಳೆಯದು. ನೆಲ, ಗೋಡೆ ಎಲ್ಲ ಶಹಾಬಾದ ಕಲ್ಲು. ನಡುಮನೆಯಲ್ಲಿ ಹಗಲೂ ಕತ್ತಲು. ಅತ್ತೆ ಗುರುಲಿಂಗಮ್ಮನ ಕಣ್ಣು ಮಂಜಾದಾಗ ನನ್ನ ಗಂಡ ರೇವಣಸಿದ್ಧ ದೀಪಗಳನ್ನು ವೈರಿಲ್ಲದೆ ನಡೆಸುವ ಒಂದು ಸ್ಮಾರ್ಟ್ ಹಬ್ ತಂದು ಹನ್ನೊಂದು ಬಲ್ಬು ಜೋಡಿಸಿದ್ದರು. ಅತ್ತೆ ನಡೆದಲ್ಲೆಲ್ಲ ದೀಪ ತಾನಾಗಿ ಹತ್ತುತ್ತಿತ್ತು. ಈಗ ಹದಿನೈದು ದಿನದಿಂದ, ಸಂಜೆ ನಾಲ್ಕು ಗಂಟೆಯಾದರೆ ಹಬ್‌ನ ರೇಡಿಯೊ ಆಫ್‌ಲೈನ್ ಆಗುತ್ತಿತ್ತು. ಬಲ್ಬುಗಳು ಅದರ ಮಾತು ಕೇಳದೆ ಆರಿಬಿಡುತ್ತಿದ್ದವು. ಹೋದ ವಾರ ಅತ್ತೆ ಹೊಸ್ತಿಲು ಎಡವಿ ಬಿದ್ದರು.

ಆ ದಿನ ಸಂಗಮೇಶ್ವರ ಅಡಾಪ್ಟರ್ ಬದಲಿಸಿದರು. ಹಬ್ ಅನ್ನು ಕಬ್ಬಿಣದ ಕಪಾಟಿನಿಂದ ದೂರ ಇಟ್ಟರು. ಸ್ಟೂಲಿನ ಮೇಲೆ ನಿಂತು ಬಲ್ಬು ನೋಡಬೇಕಾದವರು ನನ್ನನ್ನು ನೋಡಿ, ಕೈಯಲ್ಲೇ ಇದ್ದ ಸ್ಕ್ರೂಡ್ರೈವರನ್ನು ಜೇಬಿನಲ್ಲಿ ಹುಡುಕಿದರು. ನಾನು ಬೇರೆ ಕಡೆ ನೋಡಿದೆ. ಐದರ ಹೊತ್ತಿಗೆ ದೀಪಗಳು ತಾವಾಗಿಯೇ ಹತ್ತಿದವು. ನಾನು ಹಿತ್ತಲಲ್ಲಿ ಪಿಯುಸಿ ಮಕ್ಕಳಿಗೆ ಫಿಸಿಕ್ಸ್ ಹೇಳಲು ಹೋದೆ. ಸಂಗಮೇಶ್ವರ ಶಿವಲೀಲಾಳ ಮನೆಗೆ ಹೋದರು.

ಶಿವಲೀಲಾ ಮೊಬೈಲಿನಲ್ಲಿ ಲೈವ್ ಬಂದು ಸೀರೆ ಮಾರುತ್ತಾಳೆ. ಕೈತುಂಬ ಬಳೆ, ದಿನಕ್ಕೊಂದು ಬಣ್ಣ. ಮರುದಿನ ನಾನು ಹೆಸರು ಬದಲಿಸಿಕೊಂಡು ಅವಳ ಲೈವ್ ನೋಡಲು ಕುಳಿತೆ. ಅವಳ ಕಿವಿಯ ಝುಮಕಿ ಹೊಸದೇ, ಅದನ್ನು ಕೊಟ್ಟವರು ಯಾರು, ಇದೇ ನನ್ನ ಚಿಂತೆ. ನಾಲ್ಕಕ್ಕೆ ಸರಿಯಾಗಿ ಅವಳು ನಮಸ್ಕಾರ ಅಂದಳು. ನನ್ನ ತಲೆಯ ಮೇಲಿನ ದೀಪ ಆರಿತು.

ಎಂಎಸ್ಸಿ ಓದಿದವಳಿಗೆ ಇದು ಮೊದಲೇ ಹೊಳೆಯಬೇಕಿತ್ತು. ವೈಫೈ, ಹಬ್ ಎರಡರ ರೇಡಿಯೊ ಓಡುವುದೂ ಒಂದೇ ದಾರಿಯಲ್ಲಿ; ಒಂದು ಜೋರಾದರೆ ಇನ್ನೊಂದು ಮುಳುಗುತ್ತದೆ. ಫೋನಿನಲ್ಲಿ ಹುಡುಕಿದೆ. ನಮ್ಮ ಮನೆಯೊಳಗೇ ನಮ್ಮ ವೈಫೈಗಿಂತ ಅವಳದೇ ಜೋರಾಗಿತ್ತು. ಹದಿನೈದು ದಿನದ ಹಿಂದೆ ಅದನ್ನು ಹಾಕಿಕೊಟ್ಟವರು ಸಂಗಮೇಶ್ವರ ಎಂದು ನನಗೆ ಗೊತ್ತಿತ್ತು.

ಲೈವ್ ಮುಗಿಯುವುದನ್ನು ಕಾದು ಹೋದೆ. ಸಂಗಮೇಶ್ವರ ಅಲ್ಲೇ ಇದ್ದರು. ವೈಫೈ ರೂಟರ್ ಹಿಂದಿನ ಕೋಣೆಯ ಕಿಟಕಿಯಲ್ಲಿ, ನಮ್ಮ ಹಿತ್ತಲಿಗೆ ಮುಖ ಮಾಡಿ ಕೂತಿತ್ತು. ನಮ್ಮ ದೀಪ ಕೆಡಿಸುತ್ತಿರುವ ಇದನ್ನು ಇಲ್ಲಿ ಯಾರು ಇಡಿಸಿದ್ದು ಎಂದು ಕೇಳಿದೆ. ನನ್ನ ದನಿ ನನಗೇ ಒರಟಾಗಿ ಕೇಳಿತು.

"ನಾ ಹಾಲಿನ್ಯಾಗ ಹಚ್ಚರಿ ಅಂತ ಬಡ್ಕೊಂಡೆ ಅಕ್ಕಾ," ಅಂದಳು ಶಿವಲೀಲಾ. "ಇವ್ರಿಗೆ ಈ ಕಿಟಕೀನೇ ಬೇಕಾಗಿತ್ತು. ನೀ ಅಲ್ಲಿ ಪಾಠ ಹೇಳ್ತಿ, ಇವ್ರು ಇಲ್ಲಿ ಒಂದು ಸ್ಕ್ರೂ ತಿರುವ್ಕೋತ ತಾಸುಗಟ್ಲೆ ಕೇಳ್ತಾರ. ನಗಬಾರ್ದಂದ್ರೂ ನಗಿ ಬರ್ತದ. ಮುಂದಿನ ತಿಂಗಳು ನಾ ಲಗ್ನಾಗಿ ಚಿಂಚೋಳಿಗೆ ಹೋದ್ರ ಇವ್ರ ಗತಿ ಏನು?"

ಅವಳು ಚಹಾದ ನೆಪ ಮಾಡಿ ಒಳಗೆ ಹೋದಳು. ಸಂಗಮೇಶ್ವರ ಕಿವಿಯವರೆಗೂ ಕೆಂಪಾಗಿದ್ದರು.

"ಪಾಠ ತಿಳೀತದೇನು?" ಎಂದೆ.

"ಇಲ್ಲರಿ. ನಾ ಪಿಯುಸಿ ಫೇಲಾಗಿದ್ದೇ ಫಿಸಿಕ್ಸ್‌ನ್ಯಾಗ." ತಲೆ ಎತ್ತಲಿಲ್ಲ. "ನನ್ನಿಂದೇ ನಿಮ್ಮ ಲೈಟ್ ಕೆಡಾಕತ್ತಾವ ಅಂತ ಖರೇನೇ ಗೊತ್ತಿರಲಿಲ್ಲರಿ, ಮೇಡಂ. ಅಮ್ಮಾರು ಬಿದ್ರಲ್ಲ. ಈಗೇ ಹಾಲಿಗೆ ಸರಸ್ತೀನಿ."

ಹತ್ತು ನಿಮಿಷದ ಕೆಲಸ. ಅದಾದರೆ ಅವರಿಗೆ ಈ ಮನೆಗೂ ಬರುವ ಕಾರಣವಿಲ್ಲ, ನಮ್ಮ ಮನೆಗೂ ಇಲ್ಲ. ಅವರು ವೈರಿಗೆ ಕೈ ಹಾಕಿದರು.

"ಬ್ಯಾಡ," ಎಂದೆ. "ಅದು ಇಲ್ಲೇ ಇರ್ಲಿ. ನಮ್ಮ ಹಬ್‌ನ ರೇಡಿಯೊ ದಾರಿ, ಅದರ ಚಾನೆಲ್, ಬದಲು ಮಾಡೋಣ."

ಆಗ ಅವರು ನನ್ನನ್ನು ನೋಡಿದರು. "ಅದು ನಿಮ್ಮವರು ಇಟ್ಟ ಚಾನೆಲ್ರಿ. ಅದಕ್ಕೇ ನಾ ಮುಟ್ಟಿರಲಿಲ್ಲ. ಎಲ್ಲಾ ಬಲ್ಬ್ ಬಿಡಿಸಿ ಮೊದಲಿಂದ ಜೋಡಸಬೇಕಾಗ್ತದ."

"ಗೊತ್ತದ. ಐತವಾರ ಬರ್ರಿ."

ಭಾನುವಾರ ಬೆಳಿಗ್ಗೆ ಬಂದರು. ಹಳೆಯ ಚಾನೆಲನ್ನು ನಾನೇ ಅಳಿಸಿದೆ. ಅವರು ಸ್ಟೂಲು ಹತ್ತಿದರು. ಆಮೇಲೆ ಒಂದೊಂದೇ ಬಲ್ಬು ಬಿಚ್ಚಿ ಹಾಕುತ್ತ ಹೋದರು, ನಾನು ಫೋನಿನಲ್ಲಿ ಒಂದೊಂದನ್ನೇ ಕೂಡಿಸಿಕೊಂಡೆ. ಒಂಬತ್ತನೆಯದು ಹತ್ತಿದಾಗ ಅವರು ಕೆಳಗಿಳಿಯಲಿಲ್ಲ.

"ಏನೂ ಕೆಡದಿದ್ರೂ ಬರಬಹುದೇನ್ರಿ?"

"ಬರ್ರಿ. ಕದ್ದು ಕೇಳಾಕ ಅಲ್ಲ. ನಿಮ್ಮ ಅವ್ವನ್ನ ಕರ್ಕೊಂಡು ಬಂದು ಅತ್ತಿ ಮುಂದ ಕುಂತು ಕೇಳ್ರಿ."

ನಡುಮನೆಯಲ್ಲಿ ಅತ್ತೆಯ ಮಂಚ ಕಿರುಗುಟ್ಟಿತು.

"ಯಾವಾಗ ಬರ್ತಾರ ಕೇಳವಾ," ಅಂದರು.