ಸಾಲಿನ ಕೊನೆಯವಳು

"ಸೀಟಿ ಯಾಕೆ ಊದಲಿಲ್ಲ?"

ನಲವತ್ತು ಮಕ್ಕಳ ಎದುರಿಗೆ ಮಹಾಂತೇಶ ಅವಳನ್ನು ಕೇಳಿದ ಮೊದಲ ಮಾತು ಅದು.

ನೀಲಾಂಬಿಕ ತಲೆ ತಗ್ಗಿಸಿದಳು. ಕೊರಳಲ್ಲಿ ಕೆಂಪು ದಾರದ ಸೀಟಿ ಸುಮ್ಮನೆ ತೂಗುತ್ತಿತ್ತು. ಪುಟ್ಟ ಹುಡುಗಿಯೊಬ್ಬಳು ಅವಳ ವೇಲಿನ ತುದಿ ಹಿಡಿದು ನಿಂತಿದ್ದಳು. ಆ ಹುಡುಗಿಯ ಚಪ್ಪಲಿ ಕಿತ್ತುಹೋಗಿತ್ತು. ಪಿನ್ನು ಹಾಕಿ ಸರಿಮಾಡುವಷ್ಟರಲ್ಲಿ ಸಾಲು ತಿರುವು ದಾಟಿ ಕಾಣದಂತಾಗಿತ್ತು.

"ನಿಮ್ಮನ್ನೇ ಕೇಳ್ತಿರೋದ್ರಿ. ಇಬ್ಬರೂ ದಾರಿ ತಪ್ಪಿದ್ರೆ ನಾನು ಎಲ್ಲಿ ಅಂತ ಹುಡುಕ್ಲಿ?"

"ನಾಚಿಕೆ ಆಯ್ತು..."

ಮಕ್ಕಳು ನಕ್ಕರು. ಅವನು ನಗಲಿಲ್ಲ.

"ಈಗ ಊದ್ರಿ."

ಹುಡುಗಿಯರು ಸೀಟಿ ಹೊಡೆದರೆ ಅವಳ ಮನೆಯಲ್ಲಿ ಅಜ್ಜಿ ಬೈಯುತ್ತಿದ್ದಳು. ಆದರೂ ತುಟಿಗಿಟ್ಟು ಊದಿದಳು. ಗಾಳಿ ಬಿಟ್ಟ ಟ್ಯೂಬಿನಂತೆ ಸದ್ದು ಬಂತು.

"ಇದನ್ನ ಕೇಳಿ ಸೊಳ್ಳೆನೂ ತಿರುಗಿ ನೋಡಲ್ಲ," ಎಂದ. ಅವನ ಮೀಸೆಯ ಅಂಚಿನಲ್ಲಿ ಸಣ್ಣ ನಗು ಹಾದುಹೋಯಿತು.

ಅವಳಿಗೆ ಸಿಟ್ಟು ಬಂತು. ಕಣ್ಣು ಮುಚ್ಚಿ ಎದೆಯಲ್ಲಿದ್ದ ಉಸಿರನ್ನೆಲ್ಲ ಊದಿದಳು. ಹಿನ್ನೀರಿನ ಅಂಚಿನಲ್ಲಿ ಕೂತಿದ್ದ ಬೆಳ್ಳಕ್ಕಿಗಳು ಒಟ್ಟಿಗೇ ಎದ್ದವು.

"ಹಾಂ... ಹೀಗೆ," ಎಂದ ಅವನು, ಮೆತ್ತಗೆ.

ಅಂಬ್ಲಿಗೊಳದ ಹಿನ್ನೀರಿನ ಪಕ್ಕದ ಕಿರುಗಾಡು ನಿಸರ್ಗ ಶಿಬಿರದಲ್ಲಿ ಅದು ಅವಳ ಮೊದಲ ದಿನ. ಶಾಲೆಗಳಿಂದ ಮಕ್ಕಳು ತಂಡ ತಂಡವಾಗಿ ಬರುತ್ತಿದ್ದರು. ಮೂರು ದಿನ ಟೆಂಟಿನಲ್ಲಿದ್ದು, ಮರ, ಹುಳ, ಹೆಜ್ಜೆಗುರುತು ನೋಡಿ, ಒಂದು ಬೆಳಿಗ್ಗೆ ಗುಡವಿ ಪಕ್ಷಿಧಾಮಕ್ಕೆ ಹೋಗಿ ಹಕ್ಕಿ ನೋಡಿಕೊಂಡು ಹೊರಡುತ್ತಿದ್ದರು. ಅವರು ಬಸ್ಸು ಹತ್ತಿದ ಕೂಡಲೇ ಹಾಸಿಗೆ ಒಣಗಿಸಿ, ಟೆಂಟು ಗುಡಿಸಿ, ನೀರಿನ ಡ್ರಮ್ಮು ತೊಳೆಯಬೇಕು. ಮುಂದಿನ ತಂಡ ಆಗಲೇ ದಾರಿಯಲ್ಲಿರುತ್ತಿತ್ತು.

ಕಾಡಿನ ದಾರಿಯಲ್ಲಿ ಒಂದೇ ಸಾಲು. ಮುಂದೆ ನಡೆಯುವವನು ಶಿಕಾರಿಪುರದ ಮಹಾಂತೇಶ, ಅವನಿಗೆ 'ತಲೆ' ಎನ್ನುತ್ತಿದ್ದರು. ಕೊನೆಯವರು 'ಬಾಲ'. ತಲೆಯನ್ನು ಯಾರೂ ದಾಟಬಾರದು. ಬಾಲದ ಹಿಂದೆ ಯಾರೂ ಉಳಿಯಬಾರದು. ಬಾಲದಿಂದ ಒಂದು ಉದ್ದ ಸೀಟಿ ಬಂದರೆ, ಒಬ್ಬರು ಹಿಂದೆ ಉಳಿದಿದ್ದಾರೆ, ನಿಲ್ಲಿ ಎಂದರ್ಥ. ಎರಡು ಚಿಕ್ಕ ಸೀಟಿ ಬಂದರೆ, ಎಲ್ಲರೂ ಇದ್ದಾರೆ, ನಡೆಯಿರಿ.

ಶಿಬಿರ ನಡೆಸುವ ಸರ್ವಮಂಗಳ ಮೇಡಂ ಮೊದಲ ದಿನವೇ ಹೇಳಿದ್ದರು. "ನೀನು ಮಾತಾಡೋದು ಕಡಿಮೆ, ನೋಡೋದು ಜಾಸ್ತಿ. ಬಾಲಕ್ಕೆ ನೀನೇ ಸರಿ."

ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವಳಿಗೆ 'ನೀನೇ ಸರಿ' ಎಂದು ಅದುವರೆಗೆ ಯಾರೂ ಹೇಳಿರಲಿಲ್ಲ.

ತಂಡಗಳು ಬಂದವು, ಹೋದವು. ಮಕ್ಕಳು ಅವಳನ್ನು ಬಾಲದಕ್ಕ ಎಂದು ಕರೆದರು. ಪ್ರತಿ ತಂಡವೂ ಅದೇ ಪ್ರಶ್ನೆ ಕೇಳುತ್ತಿತ್ತು: "ಸರ್, ಹುಲಿ ಬರುತ್ತಾ?" ಅವನದೂ ಅದೇ ಉತ್ತರ: "ನಿಮ್ಮ ಗಲಾಟೆಗೆ ಹುಲಿ ಊರು ಬಿಟ್ಟು ಹೋಗಿದೆ." ಸಾಲಿನ ಕೊನೆಯಲ್ಲಿ ಅವಳು ಪ್ರತಿ ಸಲವೂ ನಗುತ್ತಿದ್ದಳು.

ಅವರಿಬ್ಬರ ನಡುವೆ ಯಾವಾಗಲೂ ನಲವತ್ತು ಮಕ್ಕಳಿರುತ್ತಿದ್ದರು.

ಆದರೂ ಅವಳು ಒಂದು ವಿಷಯ ಗಮನಿಸಿದ್ದಳು. ದಾರಿಗೆ ಚಾಚಿದ ಮುಳ್ಳಿನ ಕೊಂಬೆಗಳನ್ನು ಯಾರೋ ಬಳ್ಳಿಯಿಂದ ಹಿಂದಕ್ಕೆ ಕಟ್ಟಿರುತ್ತಿದ್ದರು. ಮಕ್ಕಳ ತಲೆಗೆ ತಾಗದ ಎತ್ತರದ ಕೊಂಬೆಗಳು. ಅವಳ ತಲೆಗೆ ತಾಗುವಂಥವು...

ನನಗಾಗಿ ಇರಲಾರದು, ಎಂದುಕೊಳ್ಳುತ್ತಿದ್ದಳು. ಮರುದಿನ ಮತ್ತೆ ನೋಡುತ್ತಿದ್ದಳು.

ಚಳಿ ಕಳೆಯುವ ಹೊತ್ತಿಗೆ ಎಲ್ಲರೂ ಸೋತಿದ್ದರು. ಅಡುಗೆಯ ಗುಡ್ಡಮ್ಮ ನಿಂತಲ್ಲೇ ತೂಕಡಿಸುತ್ತಿದ್ದಳು. ಅಂಥ ಒಂದು ದಿನ, ಸಾಲಿನ ಮುಂದಿದ್ದ ಹುಡುಗಿ ಹಿನ್ನೀರಿನ ಕೆಸರಿಗೆ ಜಾರಿದಳು. ಮಹಾಂತೇಶ ಬೂಟಿನ ಸಮೇತ ಇಳಿದು ಎತ್ತಿಕೊಂಡು ಬಂದ. ಹುಡುಗಿಗೆ ಏನೂ ಆಗಿರಲಿಲ್ಲ.

ಸಂಜೆ ನೀಲಾಂಬಿಕ ಆಫೀಸಿಗೆ ಟೀ ಒಯ್ದಳು. ಬಾಗಿಲ ಹೊರಗೇ ಅವನ ದನಿ ಕೇಳಿಸಿತು.

"ಅವರನ್ನ ಬಾಲಕ್ಕೆ ಹಾಕಬೇಡ್ರಿ ಮೇಡಂ. ಅವರು ಅಲ್ಲಿದ್ರೆ ಲೈನು ಕೆಡುತ್ತೆ."

ಲೋಟಗಳು ತಟ್ಟೆಯಲ್ಲಿ ಸದ್ದು ಮಾಡಿದವು. ಅವಳು ಗಟ್ಟಿಯಾಗಿ ಹಿಡಿದುಕೊಂಡಳು.

ಮರುದಿನ ಶಿಬಿರಕ್ಕೆ ನೆರವಾಗಲು ಬಂದಿದ್ದ ಕಾಲೇಜು ಹುಡುಗಿ ಚೈತ್ರಶ್ರೀ ಬಾಲಕ್ಕೆ ಬಂದಳು. ನೀಲಾಂಬಿಕ ಅಡುಗೆಮನೆಗೆ ಹೋದಳು.

"ಎಂತಕ್ಕೇ ಈರುಳ್ಳಿ ಹೆಚ್ಚದೇ ಕಣ್ಣಲ್ಲಿ ನೀರು?" ಗುಡ್ಡಮ್ಮ ಕೇಳಿದಳು.

"ಹೊಗೆ ಗುಡ್ಡಮ್ಮ."

"ಗ್ಯಾಸ್ ಒಲೆಗೆ ಎಂಥ ಹೊಗೆಯೇ ಮಾರಾಯ್ತಿ?"

ಅವಳು ಒಲೆಯತ್ತ ತಿರುಗಿದಳು. ನಾನು ಎಲ್ಲಿ ತಪ್ಪಿದೆ? ಎಲ್ಲಾದರೂ ಒಂದು ಮಗುವನ್ನು ಬಿಟ್ಟುಬಂದೆನೇ? ಅನ್ನ ಬಡಿಸುವಾಗ, ಪಾತ್ರೆ ತೊಳೆಯುವಾಗ ಅದೇ ಯೋಚನೆ. ಕಾಡಿನಿಂದ ಬೇರೆಯವಳ ಸೀಟಿ ಕೇಳಿದಾಗಲೆಲ್ಲ ಅವಳ ಕೈ ನಿಲ್ಲುತ್ತಿತ್ತು. ಅವನು ಊಟಕ್ಕೆ ಬಂದರೆ ಮುಖ ನೋಡದೆ ಬಡಿಸುತ್ತಿದ್ದಳು. ಅವನೂ ತಟ್ಟೆ ನೋಡಿಕೊಂಡೇ ಉಣ್ಣುತ್ತಿದ್ದ.

ಪರೀಕ್ಷೆಗಳು ಹತ್ತಿರ ಬಂದವು, ಶಿಬಿರ ಮುಗಿಯಿತು. ಆನವಟ್ಟಿಯಲ್ಲಿ ಭಾವನ ಬಟ್ಟೆ ಅಂಗಡಿಗೆ ಹೋಗುತ್ತೇನೆ, ಇನ್ನು ಬರುವುದಿಲ್ಲ ಎಂದು ಮೇಡಂಗೆ ನೀಲಾಂಬಿಕ ಹೇಳಿದಳು. ಅವರು ಅವಳನ್ನೇ ನೋಡಿದರು.

"ಸಂಜೆ ಬಸ್ಸಿಗೆ ಹೋಗು. ಅದಕ್ಕೆ ಮುಂಚೆ ದಾರಿಯ ಬಟ್ಟೆ ಗುರುತು ಬಿಚ್ಚಬೇಕು. ಚೈತ್ರಶ್ರೀ ಊರಿಗೆ ಹೋದ್ಲು. ಮಹಾಂತೇಶನ ಜೊತೆ ನೀನೇ ಹೋಗಿ ಬಾ."

ಮರಗಳಿಗೆ ಕಟ್ಟಿದ ಹಳದಿ ಬಟ್ಟೆಯ ತುಂಡುಗಳನ್ನು ಕಾಡಿನಲ್ಲಿ ಬಿಡುವಂತಿರಲಿಲ್ಲ.

ಅವನು ಮುಂದೆ ನಡೆದ. ಅವಳು ಹಿಂದೆ. ಇಬ್ಬರ ಕಾಲಿಗೂ ಅದೇ ರೂಢಿ, ನಡುವೆ ಅಷ್ಟೇ ಜಾಗ. ಮಕ್ಕಳಿಲ್ಲದ ದಾರಿ ತುಂಬಾ ಉದ್ದವಿತ್ತು. ಅವನು ಎಡಗಡೆಯವು ಬಿಚ್ಚುತ್ತಿದ್ದ, ಅವಳು ಬಲಗಡೆಯವು.

ಮುಳ್ಳಿನ ಕೊಂಬೆಗಳು ಇನ್ನೂ ಹಿಂದಕ್ಕೆ ಕಟ್ಟಿಯೇ ಇದ್ದವು. ಒಂದು ಕಟ್ಟು ಹಸಿ ಬಳ್ಳಿಯದು, ಈಗಷ್ಟೇ ಕಟ್ಟಿದ್ದು.

ಅವಳು ನಿಂತಳು. ಚೈತ್ರಶ್ರೀ ಅವಳಿಗಿಂತ ಗಿಡ್ಡ. ಆ ಕೊಂಬೆ ಚೈತ್ರಶ್ರೀಗೆ ತಾಗುತ್ತಿರಲಿಲ್ಲ.

ಮುಂದೆ ಅವನು ತಿರುವಿನತ್ತ ಸಾಗುತ್ತಿದ್ದ. ಇನ್ನೊಂದು ಗಳಿಗೆಗೆ ಕಾಣದಂತಾಗುತ್ತಾನೆ. ಬ್ಯಾಗಿನಲ್ಲಿ, ವಾಪಸ್ ಕೊಡಲೆಂದು ಇಟ್ಟಿದ್ದ ಸೀಟಿ ಇತ್ತು. ತೆಗೆದು ತುಟಿಗಿಟ್ಟಳು. ಊದಿದಳು, ಉದ್ದಕ್ಕೆ.

ಅವನು ಓಡಿ ಬಂದ.

"ಏನಾಯ್ತು? ಯಾರು ಉಳಿದಿದ್ದು?"

"ನಾನು," ಎಂದಳು.

ಅವನು ಏದುಸಿರು ಬಿಡುತ್ತಾ ನಿಂತ. ಅವಳ ದನಿ ಅವಳಿಗೇ ಹೊಸದಾಗಿ ಕೇಳಿಸಿತು.

"ನಾನು ಬಾಲದಲ್ಲಿದ್ರೆ ಲೈನು ಹೆಂಗೆ ಕೆಡುತ್ತೆ ಸರ್? ಅದೊಂದು ಹೇಳಿ. ಹೋಗ್ತೀನಿ."

"ಅದು... ಕೇಳಿಸ್ಕೊಂಡ್ರಾ?"

"ಎಲ್ಲಾ ಕೇಳಿಸ್ಕೊಂಡೆ."

ಅವನು ದಾರಿಯ ಪಕ್ಕದ ಕಲ್ಲಿನ ಮೇಲೆ ಕುಸಿದು ಕೂತ. ಇಡೀ ಹಂಗಾಮಿನ ದಣಿವು ಮುಖದ ಮೇಲಿತ್ತು.

"ತಲೆ ಆದೋನು ಮುಂದೆ ನೋಡಿ ನಡೀಬೇಕ್ರಿ. ನಾನು ಹತ್ತು ಹೆಜ್ಜೆಗೊಮ್ಮೆ ತಿರುಗಿ ನೋಡ್ತಿದ್ದೆ... ನಿಮ್ಮನ್ನ. ಆ ಹುಡುಗಿ ಜಾರಿದಾಗ್ಲೂ ನಾನು ಹಿಂದೆ ನೋಡ್ತಿದ್ದೆ. ನೀರು ಇನ್ನೊಂದು ಮೊಳ ಆಳ ಇದ್ದಿದ್ರೆ? ಅವತ್ತು ರಾತ್ರಿಯೆಲ್ಲಾ ನಿದ್ದೆ ಬರ್ಲಿಲ್ಲ."

ಆದರೂ ಅವಳ ಸಿಟ್ಟು ಇಳಿಯಲಿಲ್ಲ.

"ನೋಡಿದ್ದು ನೀವು. ಅಡುಗೆಮನೆಗೆ ಹೋಗಿದ್ದು ನಾನು."

ಅವನು ತಲೆ ತಗ್ಗಿಸಿದ.

"ಹೌದ್ರಿ. ತಲೆ ಜಾಗ ನಾನು ಬಿಡಬೇಕಿತ್ತು. ನಿಮ್ಮ ಕೆಲಸ ಕಿತ್ಕೊಂಡೆ. ಹೇಳೋಕೆ ಧೈರ್ಯ ಸಾಲಲಿಲ್ಲ."

"ನನಗೆ ಬರೋದು ಅದೊಂದೇ ಕೆಲಸ ಸರ್. ಅದೂ ಬರಲ್ಲ ಅಂದ್ಕೊಂಡೆ..." ಅವಳ ಕಣ್ಣು ತುಂಬಿತು.

"ಬೆಳಿಗ್ಗೆ ಮೇಡಂಗೆ ಎಲ್ಲಾ ಹೇಳಿದೀನಿ. ಈ ದಾರಿ ನಿಮಗೂ ಗೊತ್ತು. ಮುಂದಿನ ವರ್ಷ ತಲೆ ನೀವಾಗಿ. ನಾನು ಬಾಲಕ್ಕೆ ಬರ್ತೀನಿ."

"ಮೇಡಂ ಏನಂದ್ರು?"

"ಬೈದ್ರು. ಆಮೇಲೆ, ಅವಳನ್ನೇ ಕೇಳು ಅಂದ್ರು." ಅವನು ಎದ್ದು ನಿಂತ. "ನಾನು ಕೇಳ್ತಿರೋದು ಬರೀ ಶಿಬಿರದ ದಾರಿ ಅಲ್ರಿ, ನೀಲಾಂಬಿಕ."

ಹಿನ್ನೀರಿನ ಕಡೆಯಿಂದ ಗಾಳಿ ಬಂತು. ಅವಳು ಕೈಯಲ್ಲಿದ್ದ ಹಳದಿ ಬಟ್ಟೆಗಳನ್ನು ಒಂದೊಂದಾಗಿ ಮಡಚಿದಳು. ಆಮೇಲೆ ಸೀಟಿಯನ್ನು ಅವನ ಕೈಗಿಟ್ಟಳು.

"ನಾಳೆ ಭಾವನಿಗೆ ಫೋನ್ ಮಾಡ್ತೀನಿ, ಬರಲ್ಲ ಅಂತ," ಎಂದು ಅವನನ್ನು ದಾಟಿ ಮುಂದೆ ನಡೆದಳು.

ಕಿವಿ ಬಿಸಿಯಾಗಿತ್ತು. ತಿರುವಿನಲ್ಲಿ ಕುತ್ತಿಗೆ ತಾನಾಗಿ ಹಿಂದಕ್ಕೆ ತಿರುಗಿತು.

"ಮುಂದೆ ನೋಡಿ ನಡೀರಿ," ಎಂದ ಅವನು.

"ನೀವು ಮಾತ್ರ ನೋಡಬಹುದಾ?"

"ಬಾಲದ ಕೆಲಸಾನೇ ಅದಲ್ವಾ? ಮುಂದಿರೋರ ಮೇಲಿಂದ ಕಣ್ಣು ತೆಗೀಬಾರ್ದು."

ಅವಳು ನಗು ತಡೆದುಕೊಂಡು ಮುಂದೆ ತಿರುಗಿದಳು.

ಹಿಂದಿನಿಂದ ಎರಡು ಚಿಕ್ಕ ಸೀಟಿ ಕೇಳಿಸಿತು.